ಪರ್ವವಲ್ಲದ ದಿನ

ಬಸ್ಸು ಕಲಬುರಗಿ ದಾಟಿ ಹುಮನಾಬಾದ್ ರಸ್ತೆಗೆ ಬಿದ್ದ ಮೇಲೂ ಸುಮಧ್ವನ ಕಿವಿಯಲ್ಲಿ ಸಮುದ್ರ ನಿಲ್ಲಲಿಲ್ಲ. ಎಂಜಿನ್ನಿನ ಸದ್ದು ಏರಿ, ಒಂದು ಕ್ಷಣ ತಡೆದು, ಮತ್ತೆ ಇಳಿಯುವಾಗಲೆಲ್ಲ ಅಂಕೋಲೆಯ ದಂಡೆ ಎದ್ದು ಬಂದು ತನ್ನ ಸೀಟಿನ ಕೆಳಗೆ ಮಲಗಿದ ಹಾಗೆ ಅನ್ನಿಸುತ್ತಿತ್ತು. ಕಿಟಕಿಯಾಚೆ ಉತ್ತು ಬಿಟ್ಟ ತೊಗರಿ ಹೊಲಗಳು ಮೇ ತಿಂಗಳ ಬಿಸಿಲಿಗೆ ಬಿರಿದು ಕಪ್ಪಗೆ ಬಿದ್ದಿದ್ದವು. ದೂರದ ಡಾಂಬರಿನ ಮೇಲೆ ನೀರು ನಿಂತಿತ್ತು. ಬಸ್ಸು ಹತ್ತಿರವಾದಷ್ಟೂ ಆ ನೀರು ಹಿಂದಕ್ಕೆ ಹೋಗುತ್ತಿತ್ತು. ಕಾದ ಗಾಳಿಯ ಪದರಗಳಲ್ಲಿ ಬೆಳಕು ಬಾಗುವುದರಿಂದ ಹಾಗೆ ಕಾಣುತ್ತದೆ ಎಂದು ಬಿ.ಎಸ್ಸಿ. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದವನು ಅವನು. ಆದರೂ ಅದನ್ನು ನೋಡುತ್ತ ನೋಡುತ್ತ, ಹಿಂದೆ ಸರಿಯುತ್ತಿರುವುದು ನೀರೋ ತಾನೋ ಎಂಬುದು ತಿಳಿಯದಂತಾಗಿ ಕಣ್ಣು ಮುಚ್ಚಿದ. ಪಕ್ಕದಲ್ಲಿ ಅವನ ಹೆಂಡತಿ ಮಂಜುಷಾ ಅವನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ನಿದ್ದೆಯಲ್ಲೂ ಅವನ ಮಣಿಕಟ್ಟನ್ನು ಬಿಟ್ಟಿರಲಿಲ್ಲ. ಹದಿನೆಂಟು ದಿನಗಳಿಂದ ಹೀಗೆಯೇ. ಊಟಕ್ಕೆ ಕೂತಾಗ ತುಪ್ಪದ ಚಮಚ ಅವನ ಎಲೆಯ ಮೇಲೆ ಎರಡನೆಯ ಸಲ ಬರುತ್ತಿತ್ತು; ಸೂಪರ್ ಮಾರ್ಕೆಟ್ ಪೇಟೆಯ ಗದ್ದಲದಲ್ಲಿ ರಸ್ತೆ ದಾಟುವಾಗ ಆರು ವರ್ಷದ ಸಂಸಾರದಲ್ಲಿ ಎಂದೂ ಹಿಡಿಯದ ಕೈಯನ್ನು ಹಿಡಿಯುತ್ತಿದ್ದಳು. ಆ ಹಿಡಿತದಲ್ಲಿ ಪ್ರೀತಿಯಿತ್ತು ಎಂದು ನಂಬುವ ಧೈರ್ಯ ಅವನಿಗಿರಲಿಲ್ಲ. ತಪ್ಪು ಮಾಡಿದವನನ್ನು ಊರ ತುಂಬ ಹಾರ ಹಾಕಿ ಮೆರೆಸುವುದೂ ಒಂದು ಶಿಕ್ಷೆಯಲ್ಲವೆ? ಅವಳು ಎಲ್ಲವನ್ನೂ ನೋಡಿದ್ದಾಳೆ, ನೋಡಿಯೂ ಹೀಗೆ ಮಾಡುತ್ತಿದ್ದಾಳೆ ಎಂದೇ ಅವನು ತಿಳಿದಿದ್ದ.

ಅವರು ಹೊರಟದ್ದು ಕಮಲಾಪುರಕ್ಕೆ, ಪ್ರಾಯಶ್ಚಿತ್ತಕ್ಕೆ. ಸುಮಧ್ವನ ತಾಯಿ ಇಂದೂಬಾಯಿ ಅಮಾವಾಸ್ಯೆಯ ಒಳಗೆ ಇದು ಮುಗಿಯಲೇಬೇಕೆಂದು ಹಟ ಹಿಡಿದಿದ್ದಳು. ಸಮುದ್ರ ದೇವರು; ಹುಣ್ಣಿಮೆ, ಅಮಾವಾಸ್ಯೆಯಂಥ ಪರ್ವದ ದಿನಗಳಲ್ಲಿ ಮಾತ್ರ ಅವನನ್ನು ಮುಟ್ಟಬೇಕು, ಉಳಿದ ದಿನ ದೂರದಿಂದಲೇ ಕೈಮುಗಿಯಬೇಕು ಎಂಬುದು ಅವರ ಮನೆಯ ಕಟ್ಟಳೆ. ಮಗ ಸೊಸೆ ಬೇಸಿಗೆಯ ರಜೆಗೆ ಅಂಕೋಲೆಗೆ ಹೊರಟಾಗ ಬ್ರಹ್ಮಪುರ ಬಡಾವಣೆಯ ಮನೆಯ ಹೊಸ್ತಿಲಲ್ಲಿ ನಿಂತು ಅವಳು ಹೇಳಿದ್ದು ಅದೊಂದೇ ಮಾತು: "ಹೋಗ್ರಿ, ತಿರಗ್ಯಾಡ್ರಿ. ಆದ್ರ ಪರ್ವ ಇಲ್ಲದ ದಿನ ಸಮುದ್ರ ಮುಟ್ಟಬ್ಯಾಡ್ರಿ." ಸುಮಧ್ವ ನಕ್ಕಿದ್ದ. ಜಿಲ್ಲೆಯ ಬಾವಿ ಬೋರುಗಳ ನೀರನ್ನು ಸೀಸೆಯಲ್ಲಿ ತುಂಬಿಸಿಕೊಂಡು ಅದರಲ್ಲಿ ಎಷ್ಟು ಉಪ್ಪು, ಎಷ್ಟು ಸುಣ್ಣ ಎಂದು ದಶಾಂಶದ ಎರಡನೆಯ ಸ್ಥಾನದವರೆಗೆ ಬರೆದುಕೊಡುವ ಪ್ರಯೋಗಾಲಯದಲ್ಲಿ ಅವನ ಕೆಲಸ. ನೀರಿಗೆ ತಿಥಿ ಇರುವುದಿಲ್ಲ ಎಂದು ಅವ್ವನಿಗೆ ಹೇಳಲು ಹೋಗಿ, ಅವಳ ಮುಖ ನೋಡಿ ಸುಮ್ಮನಾಗಿದ್ದ. ಈಗ ಅದೇ ಅವ್ವ, ಹೆಂಡತಿಯನ್ನು ಉಳಿಸಲು ದಶಮಿಯ ದಿನ ಸಮುದ್ರಕ್ಕೆ ಹಾರಿದ ಮಗನ ಬಗ್ಗೆ ಓಣಿಯ ತುಂಬ ಹೆಮ್ಮೆಯಿಂದ ಹೇಳಿಕೊಂಡು ಬಂದು, ರಾತ್ರಿ ನಿದ್ದೆಯಿಲ್ಲದೆ ಹೊರಳುತ್ತಿದ್ದಳು. "ಶೌರ್ಯ ಬ್ಯಾರೆ, ದೋಷ ಬ್ಯಾರೆ," ಎಂದಿದ್ದಳು. "ಬ್ರಹ್ಮಪುರದಾಗ ಮಾಡಿಸಿದ್ರ ಮಂದಿ ನಾಕು ಮಾತಾಡ್ತಾರ. ಬಂಡೂನ ಕಡೆ ಹೋಗಿ ಬರ್ರಿ, ಮನಿಯಾಗಿಂದು ಮನಿಯಾಗೇ ಇರ್ತದ." ಬಂಡು ಕಾಕಾ ಅವಳ ಮೈದುನ.

ಹಾರಿದ ಮಗ. ಆ ಎರಡು ಪದಗಳು ಸುಮಧ್ವನ ಬಾಯಲ್ಲಿ ಕರಗದ ಗುಳಿಗೆಯ ಹಾಗೆ ಇದ್ದವು. ಅವನು ಹಾರಿರಲಿಲ್ಲ. ಆ ರಜೆಗೆ ಹೆಗಲಿಗೆ ಬ್ಯಾಗು ಏರಿಸಿಕೊಂಡು, ಮುಂಗಡ ಯಾವ ರೂಮೂ ಹಿಡಿಯದೆ, ಕಾಲು ಹೋದ ಕಡೆ ಹೋಗಿ ಬರಬೇಕೆಂಬ ಆಸೆ ಮಂಜುಷಾಳದು. ಸ್ಟೇಶನ್ ಬಜಾರದಲ್ಲಿ ರೈಲಿನಿಂದ ಇಳಿಯುತ್ತಿದ್ದ ಜೋಡಿಯೊಂದನ್ನು ನೋಡಿದಂದಿನಿಂದ, ಬೆನ್ನ ಮೇಲೆ ಮನೆ ಹೊತ್ತ ಅವರ ನಡಿಗೆ ಅವಳ ಕಣ್ಣಲ್ಲಿ ಉಳಿದುಬಿಟ್ಟಿತ್ತು. ಸೂಪರ್ ಮಾರ್ಕೆಟ್ಟಿನ ವಹಾಬ್‌ನ ಅಂಗಡಿಯಲ್ಲಿ ಬ್ಯಾಗು ಕೊಂಡಾಗ ಅವನು ದೊಡ್ಡದನ್ನು ಅವಳಿಗೂ ಸಣ್ಣದನ್ನು ಇವನಿಗೂ ಏರಿಸಿ ನೋಡಿ, "ಬಿಲ್ಕುಲ್ ಬರಾಬರ್ ಅದ ಸಾಬ್. ಭಾರ ಎಲ್ಲಾ ಭಾಭಿ ಕಡೆ ಇರ್ಲಿ, ನೀವು ಬರೇ ಹಿಂದ ಹಿಂದ ನಡೀರಿ!" ಎಂದು ನಕ್ಕಿದ್ದ. "ಹಿಂದ ನಡಿಯೋದು ಇವರಿಗೆ ರೂಢಿ ಅದರಿ ಭಾಯಿ," ಎಂದಿದ್ದಳು ಮಂಜುಷಾ. ಮೂವರೂ ನಕ್ಕಿದ್ದರು. ಹುಬ್ಬಳ್ಳಿಯವರೆಗೆ ಒಂದು ಬಸ್ಸು, ಘಟ್ಟ ಇಳಿಯಲು ಇನ್ನೊಂದು. ಘಟ್ಟದ ತಿರುವುಗಳಲ್ಲಿ ಅವಳು ಕಿಟಕಿಯಿಂದ ಮುಖ ಹೊರಗೆ ಹಾಕಿ ಗಾಳಿಯ ರುಚಿ ನೋಡುವವಳಂತೆ ನಾಲಿಗೆ ಚಾಚಿ, "ಉಪ್ಪ ಅದರೀ ಗಾಳಿ!" ಎಂದಿದ್ದಳು. ಇನ್ನೂ ಐವತ್ತು ಕಿಲೋಮೀಟರ್ ಇದೆ, ಉಪ್ಪು ಇರಲಾರದು ಎಂದು ಅವನು ತಿದ್ದಿದ್ದ. ಅವಳು ನಾಲಿಗೆ ಒಳಗೆಳೆದುಕೊಂಡಿದ್ದಳು. ಇಂಥ ಎಷ್ಟು ಸಣ್ಣ ಸಣ್ಣ ತಿದ್ದುಪಡಿಗಳು.

ಆಮೇಲೆ ಆ ಸಂಜೆ. ಬಿಸಿಲು ಇನ್ನೂ ಪೂರ್ತಿ ಹಣ್ಣಾಗಿರಲಿಲ್ಲ. ನೀರೆಲ್ಲ ಹಿತ್ತಾಳೆಯ ತಟ್ಟೆಯನ್ನು ಅಲ್ಲಾಡಿಸಿದಂತೆ ಹೊಳೆಯುತ್ತಿತ್ತು. ಮಂಜುಷಾ ಚಪ್ಪಲಿ ಬಿಟ್ಟು, ಚಷ್ಮಾ ತೆಗೆದು ಅವನ ಕೈಗೆ ಕೊಟ್ಟು ನಡೆದಳು. ಮೊಳಕಾಲು ಮುಳುಗುವಲ್ಲಿ ನಿಂತು ತಿರುಗಿ, "ಬರ್ರೀ! ಇಲ್ಲಿ ತನಕ ಬರ್ರಿ ಸಾಕು!" ಎಂದು ಕರೆದಳು. "ಬ್ಯಾಗ್ ಯಾರು ನೋಡಬೇಕು?" ಎಂದು ಅವನು ಕೂಗಿದ. ದಂಡೆಯ ಮೇಲೆ ಅವರನ್ನು ಬಿಟ್ಟರೆ, ಬುಟ್ಟಿ ಕೆಳಗಿಟ್ಟು ದೋಣಿಯ ದಾರಿ ಕಾಯುತ್ತಿದ್ದ ಮೀನು ಮಾರುವ ಹೆಂಗಸೊಬ್ಬಳೇ ಇದ್ದಳು. ಬ್ಯಾಗು ಕದಿಯುವವರು ಯಾರೂ ಇರಲಿಲ್ಲ. ಒಂದು ಬ್ಯಾಗು ಬೆನ್ನಿಗೆ, ಒಂದು ಎದೆಗೆ ಹಾಕಿಕೊಂಡು, ಕೈಯಲ್ಲಿ ಚಷ್ಮಾ ಹಿಡಿದು ಅವನು ನಿಂತೇ ಇದ್ದ. ಮುಂದಿನ ತೆರೆ ಉಳಿದವುಗಳಿಗಿಂತ ದೊಡ್ಡದಾಗಿತ್ತು, ಅಷ್ಟೇ. ಅವಳು ಬೀಳುವ ಮೊದಲು ಅವನ ಕಡೆ ನೇರವಾಗಿ ನೋಡಿದಳು. ಆ ನೋಟ ಅವನ ಮೇಲೆ ಬಿದ್ದದ್ದು ಎಷ್ಟು ಖಚಿತವೆಂದರೆ, ಅದರ ತೂಕವನ್ನು ಬೇಕಿದ್ದರೆ ಅವನು ಮಿಲಿಗ್ರಾಮಿನಲ್ಲಿ ಬರೆದುಕೊಡಬಲ್ಲ. ಅನಂತರ ಅವಳು ಇರಲಿಲ್ಲ. ದುಪಟ್ಟಾದ ತುದಿ ಮಾತ್ರ ತೇಲುತ್ತಿತ್ತು. ನೊರೆ ದಂಡೆ ಹತ್ತಿ ತನ್ನ ಕಾಲಿನ ಕಡೆ ಬರುವುದನ್ನು ಕಂಡು ಅವನು ಹಿಂದೆ ಸರಿದ. ಆ ಹೆಂಗಸು ಸೀರೆ ಎತ್ತಿ ಕಟ್ಟಿ ಓಡಿದಳು. ಮಂಜುಷಾಳ ಮಣಿಕಟ್ಟು ಹಿಡಿದು ಒಣ ಮರಳಿನವರೆಗೆ ಎಳೆದು ತಂದು ಬೋರಲು ಮಲಗಿಸಿ ಬೆನ್ನು ತಟ್ಟಿದಳು. ನೀರು ಕಕ್ಕಿಸಿದ ಮೇಲೆ ತಲೆಯೆತ್ತಿ, "ನಿಮ್ಮ ಹೆಂಡ್ತಿಯಾ?" ಎಂದು ಕೇಳಿದಳು. ಹೌದೆಂದು ಅವನು ತಲೆಯಾಡಿಸಿದ. ಅವಳು ಅವನ ಎರಡು ಬ್ಯಾಗು, ನೀರು ಸೋಕದ ಕಾಲುಗಳನ್ನು ಒಮ್ಮೆ ನೋಡಿದಳು. ದೋಣಿ ಬಂದಿತ್ತು. ಬುಟ್ಟಿ ಎತ್ತಿಕೊಂಡು ಹೋದಳು. ಆಗ ಅವನು ಬ್ಯಾಗು ಇಳಿಸಿ ಮರಳಿನಲ್ಲಿ ಕೂತು ಮಂಜುಷಾಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡ. ಅವಳ ಬಟ್ಟೆಯ ನೀರಿನಿಂದ ಅವನ ಅಂಗಿಯೂ ಒದ್ದೆಯಾಯಿತು. ಅವಳು ಕಣ್ಣು ಬಿಟ್ಟಾಗ ಕಂಡದ್ದು ಅವನ ಒದ್ದೆ ಅಂಗಿ.

ಮನೆಗೆ ಬಂದ ದಿನ ಮಂಜುಷಾ ಅತ್ತೆಯ ಮುಂದೆ ಕೂತು, "ಇವರು ಇರಲಿಲ್ಲಂದ್ರ ನಾ ಇವತ್ತ ಇರ್ತಿದ್ದಿಲ್ಲ ಅತ್ತಿ. ಕೈ ಹಿಡದು ಎಳಕೊಂಡು ಬಂದ್ರು," ಎಂದಳು. ಸುಮಧ್ವ ನೀರು ಕುಡಿಯುತ್ತಿದ್ದ. ಲೋಟ ಕೆಳಗಿಟ್ಟು, ಅಲ್ಲ ಎನ್ನಬಹುದಾಗಿತ್ತು. ಅದಕ್ಕೆ ಬೇಕಾದದ್ದು ಎರಡೇ ಅಕ್ಷರ. ಆದರೆ ಹೆಂಡತಿ ತನ್ನ ಮಾನ ಕಾಯಲು ಸುಳ್ಳು ಹೇಳುತ್ತಿದ್ದಾಳೆ, ಆ ಸುಳ್ಳಿನ ಹಿಂದೆ ಒಂದು ಕರಾರಿದೆ ಎಂದು ಅವನಿಗೆ ತೋರಿತು. ಅಂದಿನಿಂದ ಮಧ್ಯಾಹ್ನಗಳಲ್ಲಿ ಮನೆಯ ನೆಲದ ಮೇಲೆ ಮಲಗಿದರೆ ಅವನಿಗೆ ವಿಚಿತ್ರ ಯೋಚನೆಗಳು ಬರುತ್ತಿದ್ದವು. ಅದು ಶಹಾಬಾದ್ ಕಲ್ಲಿನ ನೆಲ, ತಣ್ಣಗೆ, ಬೂದುಬಣ್ಣದ್ದು. ಈ ಸೀಮೆ ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದ ಅಡಿಯಲ್ಲಿದ್ದಾಗ ಪದರು ಪದರಾಗಿ ಇಳಿದು ಕೂತ ಸುಣ್ಣವೇ ಆ ಕಲ್ಲು. ಅವ್ವ ಪ್ರತಿದಿನ ಒದ್ದೆ ಬಟ್ಟೆಯಿಂದ ಒರೆಸುವುದು, ದೇವರ ಮುಂದೆ ರಂಗೋಲಿ ಹಾಕುವುದು, ತಾನು ತೆವಳಿ, ನಡೆದು, ಬೆಳೆದದ್ದು, ಮಂಜುಷಾ ಅಕ್ಕಿ ಒದ್ದು ಒಳಗೆ ಬಂದದ್ದು ಎಲ್ಲ ಒಂದು ಸಮುದ್ರದ ತಳದ ಮೇಲೆ. ಕಿವಿಯಿಟ್ಟು ಮಲಗಿದರೆ ಮೇಲೆ ಎಲ್ಲೋ ನೀರು ತೂಗುತ್ತಿರುವಂತೆ, ಫ್ಯಾನಿನ ನೆರಳು ಮೀನುಗಳಾಗಿ ಗೋಡೆಯ ಮೇಲೆ ಸುತ್ತುತ್ತಿರುವಂತೆ ಕಾಣುತ್ತಿತ್ತು. ಆ ನೀರಿನ ಆಚೆಯಿಂದ ಮಂಜುಷಾ "ಚಹಾ ಕುಡೀತೀರೇನ್ರಿ?" ಎಂದು ಕೇಳುತ್ತಿದ್ದಳು. ಹೂಂ ಎನ್ನಲು ಬಾಯಿ ತೆರೆದರೆ ನೀರು ನುಗ್ಗೀತೆಂದು ಅವನು ತಲೆಯಾಡಿಸುತ್ತಿದ್ದ.

"ಕಮಲಾಪುರ! ಕಮಲಾಪುರ ಇಳೀರಿ!" ಕಂಡಕ್ಟರ್ ಕೂಗಿದಾಗ ಮಂಜುಷಾ ಎಚ್ಚೆತ್ತು, ಅವನ ಮಣಿಕಟ್ಟನ್ನು ಬಿಟ್ಟು, ಅಲ್ಲಿ ಮೂಡಿದ ತನ್ನ ಬೆರಳ ಗುರುತನ್ನು ನೋಡಿ ನಾಚಿ ನಕ್ಕಳು. ಕೆಂಪು ಬಾಳೆಯ ಗೊನೆಗಳು ತೂಗುತ್ತಿದ್ದ ಅಂಗಡಿಗಳನ್ನು ದಾಟಿ, ಕೆಂಪು ಮಣ್ಣಿನ ಓಣಿಯಲ್ಲಿ ನಡೆದರು. ಬಂಡು ಕಾಕಾ ಬಾಗಿಲಲ್ಲೇ ನಿಂತಿದ್ದ. ಮೂವತ್ತಾರು ವರ್ಷ ಅಂಚೆ ಕಚೇರಿಯಲ್ಲಿ ಠಸ್ಸೆ ಒತ್ತಿ ನಿವೃತ್ತನಾದವನು. ಈಗ ಊರಿನ ನಾಲ್ಕು ಮನೆಗಳ ಪೌರೋಹಿತ್ಯ. "ಬಾರಪಾ ಸಮುದ್ರರಾಜಾ!" ಎಂದು ಅವನ ಬೆನ್ನ ಮೇಲೆ ಗುದ್ದಿದ. "ಈಜು ಯಾವಾಗ ಕಲ್ತಿ? ನಿಮ್ಮಪ್ಪ ನಿನ್ನ ಬಾವಿಗೆ ಇಳಿಸಿದಾಗ ಓಣಿ ಮಂದಿ ಎಲ್ಲಾ ಕೂಡೋ ಹಂಗ ಚೀರಿದ್ದಿ." ಸುಮಧ್ವ ನಗಲು ಪ್ರಯತ್ನಿಸಿದ. "ಹೆಂಡ್ತಿ ಜೀವ ಅಂದ್ರ ಈಜು ತಾನೇ ಬರ್ತದ ಕಾಕಾ," ಎಂದಳು ಮಂಜುಷಾ. ಅವಳ ದನಿಯಲ್ಲಿ ಅವನು ಕೊಂಕನ್ನು ಹುಡುಕಿದ. ಪ್ರತಿ ಸಲದಂತೆ ಸಿಕ್ಕಿತು ಎಂದುಕೊಂಡ.

ಅಂಗಳದ ಬಾವಿಯಲ್ಲಿ ಸ್ನಾನ ಮಾಡಿಸಿ, ಒದ್ದೆ ಪಂಚೆಯಲ್ಲೇ ಮಣೆಯ ಮೇಲೆ ಕೂಡಿಸಿದ ಕಾಕಾ. ಎದುರಿಗೆ ಪಂಚಗವ್ಯದ ಬಟ್ಟಲು, ಹೊಸ ಜನಿವಾರ. ಮಂಜುಷಾ ಕಂಬಕ್ಕೆ ಒರಗಿ ಕೂತಳು. ಬಾವಿಯ ನೀರು ಬೆನ್ನಿನಿಂದ ಇಳಿದು ಮಣೆಯ ಸುತ್ತ ಹರಡುವುದನ್ನು ಸುಮಧ್ವ ನೋಡುತ್ತಿದ್ದ. ಕಾಕಾ ಸೌಟಿನಿಂದ ಅವನ ಅಂಗೈಗೆ ನೀರು ಬಿಟ್ಟು ಹೇಳಿದ:

"ನೋಡಪಾ, ಉಳದ ಆಚಾರ್ರು ಬಾಯಿಗೆ ಬಂದ ಮಂತ್ರ ಹೇಳಿ ನೀರು ಬಿಡಸ್ತಾರ. ನನ್ನ ಪದ್ಧತಿ ಬ್ಯಾರೆ. ಸಂಕಲ್ಪ ಅಂದ್ರ ದೇವರಿಗೆ ಹಾಕೋ ಕಾಗದ. ಯಾರು, ಎಲ್ಲಿ, ಯಾವ ತಿಥಿ, ಏನು ಮಾಡಿದ್ರು, ಎಲ್ಲಾ ನಿನ್ನ ಬಾಯಿಂದ ನಮ್ಮ ಭಾಷಾದಾಗ ಹೇಳಬೇಕು. ವಿಳಾಸ ತಪ್ಪಿದ್ರ ಕಾಗದ ಹೊಳ್ಳಿ ಬರ್ತದ. ನಾ ಎಷ್ಟು ನೋಡೀನಿ. ಹಂ, ಹೇಳು. ಯಾವ ತಿಥಿ?"

"ದಶಮಿ," ಎಂದ ಸುಮಧ್ವ, ಥಟ್ಟನೆ.

"ಶಾಭಾಸ್. ದಶಮಿ ದಿನ, ಅಂಕೋಲೆಯೊಳಗ, ನಾನು..."

ಪ್ರಯೋಗಾಲಯದಲ್ಲಿ ಬಣ್ಣ ತಿರುಗುವ ಕೊನೆಯ ಹನಿಗಾಗಿ ಕಾಯುವವನಂತೆ ಅವನು ಅಂಗೈಯ ನೀರನ್ನೇ ನೋಡಿದ. 'ನಾನು ಸಮುದ್ರ ಮುಟ್ಟಿದೆ' ಎಂದರೆ ಮುಗಿಯಿತು. ದೇವರ ಬಗ್ಗೆ ಅವನಿಗೆ ಅಂಥ ಖಚಿತವಾದ ಅಭಿಪ್ರಾಯವೇನೂ ಇರಲಿಲ್ಲ. ಆದರೆ ಮಾಡದ ಕೆಲಸವನ್ನು ಮಾಡಿದ್ದೇನೆಂದು ಸಹಿ ಹಾಕುವುದು, ತರಿಸದ ಸೀಸೆಯ ನೀರಿಗೆ ಫಲಿತಾಂಶ ಬರೆಯುವುದು, ಅವನ ಕೈಯಿಂದ ಆಗುವ ಮಾತಲ್ಲ. ನೀರು ಬೆರಳ ಸಂದಿಯಿಂದ ಸೋರಿ ಖಾಲಿಯಾಯಿತು.

"ನಾ ಸಮುದ್ರ ಮುಟ್ಟಿಲ್ಲ ಕಾಕಾ."

"ಆಂ?"

"ಮುಟ್ಟಿಲ್ಲ. ಮಂಜೂನ್ನ ಎಳದು ತಗದಾಕಿ ಮೀನು ಮಾರೋ ಹೆಂಗಸು. ನಾ ಎರಡೂ ಬ್ಯಾಗ್ ಹಾಕ್ಕೊಂಡು ದಂಡಿ ಮ್ಯಾಲೆ ನಿಂತಿದ್ದೆ. ನೀರು ಕಾಲಿನ ತನಕ ಬಂತು. ಆವಾಗ ಹಿಂದ ಸರದೆ. ಒಂದೆರಡು ಹೆಜ್ಜಿ." ಅವನು ತಲೆ ಎತ್ತಿ ಮಂಜುಷಾಳನ್ನು ನೋಡಿದ. "ಆಕಿಗೆ ಎಲ್ಲಾ ಗೊತ್ತದ. ನನ್ನ ಸಲುವಾಗಿ ಹಂಗ ಹೇಳ್ಯಾಳ."

ಮಂಜುಷಾ ಕಂಬದಿಂದ ಬೆನ್ನು ತೆಗೆದು ನೇರವಾಗಿ ಕೂತಳು. ಅವಳ ಮುಖದಲ್ಲಿ ಅವನು ಹದಿನೆಂಟು ದಿನಗಳಿಂದ ಕಾದಿದ್ದ ಯಾವುದೂ ಇರಲಿಲ್ಲ. ತಿರಸ್ಕಾರವಿಲ್ಲ, ಕೊನೆಗೂ ಒಪ್ಪಿಕೊಂಡನೆಂಬ ಸಮಾಧಾನವಿಲ್ಲ. ಪರಿಚಯವಿಲ್ಲದ ಊರಿನಲ್ಲಿ ತಪ್ಪು ನಿಲ್ದಾಣಕ್ಕೆ ಇಳಿದವಳಂತೆ ನೋಡುತ್ತಿದ್ದಳು.

"ನನಗ ಏನು ಗೊತ್ತದ?" ಎಂದಳು.

"ನೀ ನನ್ನ ನೋಡಿದಿ ಅಲ್ಲ... ಬೀಳೋಕಿಂತ ಮೊದಲ."

"ನನ್ನ ಚಷ್ಮಾ ನಿಮ್ಮ ಕೈಯಾಗ ಇತ್ತಲ್ಲರೀ," ಎಂದಳು ಮಂಜುಷಾ. ದನಿ ಬಹಳ ಸಣ್ಣದಾಗಿತ್ತು. "ನನಗ ದಂಡಿ ಸುದ್ದಾ ಕಾಣಸ್ತಿರಲಿಲ್ಲ. ಯಾರೋ ಕೈ ಹಿಡದ್ರು. ಕಣ್ಣು ತಗದ್ರ ನೀವಿದ್ರಿ. ಅಂಗಿ ತೊಯ್ದಿತ್ತು. ನೀವ ಅನ್ಕೊಂಡೆ. ಮತ್ಯಾರು ಇರ್ತಾರ ಅಂತ ಅನ್ಕೋಬೇಕಿತ್ತು ನಾ?"

ಮೈನಸ್ ಐದೂವರೆ. ಅವಳ ಚಷ್ಮಾದ ನಂಬರು ಅವನಿಗೆ ಬಾಯಿಪಾಠವಿತ್ತು. ಪ್ರತಿ ವರ್ಷ ಅಂಗಡಿಗೆ ಅವನೇ ಚೀಟಿ ಒಯ್ಯುತ್ತಿದ್ದ. ಇಪ್ಪತ್ತು ಅಡಿಯಲ್ಲಿ ನಿಂತ ಮನುಷ್ಯ ಆ ಕಣ್ಣಿಗೆ ಒಂದು ಕಂದು ಕಲೆ. ಇಷ್ಟು ಸರಳ ಲೆಕ್ಕ ಅವನಿಗೆ ಹೊಳೆಯಲೇ ಇಲ್ಲ. ತುಪ್ಪದ ಎರಡನೆಯ ಚಮಚ, ರಸ್ತೆ ದಾಟುವಾಗಿನ ಕೈ, ಹೆಗಲ ಮೇಲಿನ ತಲೆ ಎಲ್ಲ ಒಂದೊಂದಾಗಿ ಅವನ ಮುಂದೆ ಬಂದು, ತಮ್ಮ ನಿಜವಾದ ಮುಖ ತೋರಿಸಿ, ಹಿಂದಿರುಗಿ ಹೋದವು. ಅವು ನಿಜವಾಗಿಯೂ ಪ್ರೀತಿಯೇ ಆಗಿದ್ದವು, ಇನ್ನೊಬ್ಬರಿಗೆ ಸಲ್ಲಬೇಕಾದದ್ದು.

ಬಂಡು ಕಾಕಾ ಇಬ್ಬರನ್ನೂ ನೋಡಿ, ಕೆಮ್ಮಿ, ತನಗೆ ತಿಳಿದ ನೆಲದ ಮೇಲೆ ಕಾಲೂರಿದ. "ಹಂಗಾದ್ರ ನಿನಗ ದೋಷನೇ ಇಲ್ಲಪಾ. ಮುಟ್ಟಿಲ್ಲಂದ್ರ ಏನು ಪ್ರಾಯಶ್ಚಿತ್ತ? ನೀ ಶುದ್ಧ ಇದ್ದಿ, ಏಳು." ಆಮೇಲೆ ಮಂಜುಷಾಳ ಕಡೆ ಕೈ ತೋರಿಸಿ, "ಖರೇ ಅಂದ್ರ ಮುಟ್ಟಿದಾಕಿ ಈಕಿ. ಇಂದೂ ವಹಿನಿಗೆ ಮಗನ ಚಿಂತಿಯೊಳಗ ಸೊಸಿದು ಲಕ್ಷ್ಯಕ್ಕ ಬಂದಿಲ್ಲ. ಮಂಜುಷಾ, ನೀ ಕೂಡಬೇಕಾಗ್ತದವಾ."

"ನಾ ಕೂಡಂಗಿಲ್ಲ ಕಾಕಾ."

"ಸಣ್ಣದದ, ಅರ್ಧಾ ತಾಸು."

"ಅದಕ್ಕಲ್ಲರಿ. ನಾ ಮತ್ತ ಅಂಕೋಲೆಗೆ ಹೋಗಾಕಿ ಇದ್ದೀನಿ." ಅವಳು ಎದ್ದು ನಿಂತು ಸೀರೆಯ ನೆರಿಗೆ ಸರಿಮಾಡಿಕೊಂಡಳು. "ಆಕೀನ್ನ ನೋಡಿ ಬರಬೇಕು. ಆಕಿ ಹೆಸರು ಸುದ್ದಾ ಕೇಳಿಲ್ಲ ನಾ."

ಕಾಕಾ ಊಟಕ್ಕೆ ನಿಲ್ಲಿರೆಂದರೂ ಅವಳು ನಿಲ್ಲಲಿಲ್ಲ. ಸುಮಧ್ವ ಒದ್ದೆ ಮೈಮೇಲೆಯೇ ಅಂಗಿ ಏರಿಸಿಕೊಂಡು ಹಿಂದೆ ನಡೆದ. ಹೊತ್ತು ನೆತ್ತಿಗೆ ಬಂದಿತ್ತು. ಓಣಿಯ ಕೆಂಪು ಮಣ್ಣು, ಗೋಡೆಗಳ ಸುಣ್ಣ, ಅವಳ ಬೆನ್ನು, ಎಲ್ಲವೂ ಕಾದ ಗಾಳಿಯಲ್ಲಿ ಸ್ವಲ್ಪ ಸ್ವಲ್ಪವೇ ಅಲುಗುತ್ತಿದ್ದವು. ಎಷ್ಟು ನಡೆದರೂ ಅವಳು ಅಷ್ಟೇ ದೂರದಲ್ಲಿದ್ದಳು. ಬಸ್ ನಿಲ್ದಾಣದ ಕಲ್ಲಿನ ಕಟ್ಟೆಯ ಮೇಲೆ ಅವಳು ಒಂದು ತುದಿಗೆ ಕೂತಳು. ಅವನು ಇನ್ನೊಂದು ತುದಿಗೆ. ಆಗಲೇ ಅವ್ವನ ಫೋನು ಬಂತು. ಕಿವಿ ಮಂದವಾಗಿದ್ದ ಇಂದೂಬಾಯಿ ಫೋನಿನಲ್ಲಿ ಯಾವಾಗಲೂ ಕೂಗುತ್ತಿದ್ದಳು. ಅವಳ ದನಿ ಕಟ್ಟೆಯ ಆ ತುದಿಯವರೆಗೂ ಕೇಳುತ್ತಿತ್ತು.

"ಮುಗೀತೇನೋ? ಎಲ್ಲಾ ಸಾಂಗ ಆತೇನು?"

ಆಯಿತು ಎನ್ನಬಹುದಾಗಿತ್ತು. ಇಲ್ಲಿ ಸಂಕಲ್ಪದ ನೀರಿರಲಿಲ್ಲ, ಯಾರೂ ಅವನಿಂದ ಏನನ್ನೂ ಹೇಳಿಸುತ್ತಿರಲಿಲ್ಲ.

"ಮಾಡಸಲಿಲ್ಲವ್ವಾ. ನಾ ಸಮುದ್ರ ಮುಟ್ಟೇ ಇಲ್ಲ. ಮಂಜೂನ್ನ ಉಳಿಸಿದಾಕಿ ಬ್ಯಾರೆ ಹೆಂಗಸು. ನಾ ನೋಡಿಕೋತ ನಿಂತಿದ್ದೆ. ಓಣಿಯಾಗ ಎಲ್ಲಾರಿಗೂ ಹೇಳೀದಿ, ಹಂಗಲ್ಲ ಅಂತ ನಾನ ಹೇಳ್ತೀನಿ."

ಆ ಕಡೆಯಿಂದ, "ಖರೇನೇನೋ? ಕಾಲಿಗೆ ಸುದ್ದಾ ನೀರು ಹತ್ತಿಲ್ಲೇನು?"

"ಇಲ್ಲ. ತೆರಿ ಬಂದಾಗ ಹಿಂದ ಸರದೆ. ನಾಕು ಹೆಜ್ಜಿ."

"ನನ್ನಪ್ಪಾ, ನನ್ನ ದೇವರೇ!" ಇಂದೂಬಾಯಿಯ ದನಿ ಒಡೆದು, ಅತ್ತು, ನಕ್ಕಿತು. "ಇದನ್ನ ಮೊದಲ ಹೇಳಬಾರದೇನೋ ಹುಚ್ಚಾ! ಹದಿನೆಂಟು ದಿನ ಕಣ್ಣಿಗೆ ಕಣ್ಣು ಹಚ್ಚಿಲ್ಲ ನಾ. ನನ್ನ ಮಾತು ನೆನಪಿಟ್ಟಿದ್ದಿ ನೋಡು. ಶ್ಯಾಣ್ಯಾ ನನ್ನ ಕೂಸು. ಬರ್ರಿ, ಹೋಳಿಗಿ ಮಾಡ್ತೀನಿ."

ಫೋನು ಆರಿತು. ಕಲಬುರಗಿಯ ಬಸ್ಸು ಧೂಳೆಬ್ಬಿಸಿ ಬಂದು ನಿಂತಿತು. ಸುಮಧ್ವ ಎದ್ದ.

"ಅದು ಹೋಗ್ಲಿ," ಎಂದಳು ಮಂಜುಷಾ.

ಅವನು ಕೂತ. ಬಸ್ಸು ಹೋಯಿತು.

"ಕಾಕಾನ ಮುಂದ ಒಂದೆರಡು ಹೆಜ್ಜಿ ಅಂದ್ರಿ."

"ನಾಕು," ಎಂದ.

ಅವಳು ಆ ಅಂಕಿಯನ್ನು ಮನಸ್ಸಿನಲ್ಲಿ ನಡೆದು ನೋಡುವವಳಂತೆ ಎದುರಿನ ನೆಲ ನೋಡಿದಳು. ಚಷ್ಮಾ ತೆಗೆದು ಸೆರಗಿನಿಂದ ಒರೆಸಿದಳು, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದಳು. "ಒಂದ ಮಾತು ಹೇಳ್ರಿ. ಅತ್ತಿ ಅಂದಂಗ, ಅವರ ಮಾತು ನೆನಪಾಗಿ ನಿಂತ್ರೇನು? ಮುಟ್ಟಬಾರದಂತ? ಹಂಗಿದ್ರ ಹಂಗಂತ ಹೇಳ್ರಿ. ನನಗ ತಿಳೀತದ."

ಅವಳು ಬಾಗಿಲೊಂದನ್ನು ತೆರೆದು ಹಿಡಿದಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಅದರೊಳಗೆ ಅವ್ವ ಇದ್ದಳು, ಅವ್ವನ ಅತ್ತೆಯಿದ್ದಳು, ನೂರು ತಲೆಮಾರಿನ ಜನ ದಂಡೆಯಲ್ಲಿ ಕೈಮುಗಿದು ನಿಂತಿದ್ದರು. ಅವರ ನಡುವೆ ಅವನಿಗೂ ಒಂದು ಜಾಗವಿತ್ತು. ಈ ಹದಿನೆಂಟು ದಿನ ಅವನು ಆಗಾಗ ಹೋಗಿ ಅಲ್ಲಿಯೇ ನಿಂತು ಬಂದಿದ್ದ.

"ಇಲ್ಲ ಮಂಜು," ಎಂದ. "ಆವತ್ತು ಯಾವ ತಿಥಿ ಅನ್ನೋದ ನನಗ ಗೊತ್ತಿರಲಿಲ್ಲ. ದಶಮಿ ಅಂತ ಊರಿಗೆ ಬಂದ ಮ್ಯಾಲೆ ಪಂಚಾಂಗ ನೋಡಿದೆ. ನಾ ಹೆದರಿದ್ದೆ."

"ನಾನೂ ಹೆದರಿದ್ದೆ," ಎಂದಳು ಮಂಜುಷಾ, ರಸ್ತೆಯ ಕಡೆ ನೋಡುತ್ತ.